ಅಡಕೆಗೆ ಹೋದ ಮಾನ

2014ರಲ್ಲಿ, ನನ್ನ ಹೆಂಡತಿಯ ಚಿಕ್ಕಪ್ಪನ ಮಗನ ಮದುವೆಯಲ್ಲಿ, ನಾನು ಖಾಲಿ ಕವರು ಮುಯ್ಯಿ ಮಾಡಿದೆ. ಬೇಕೆಂದು ಮಾಡಿದ್ದಲ್ಲ. ಆಗಿನ್ನೂ ಸಾವಿರದ ನೋಟಿತ್ತು. ಒಂದನ್ನು ತೆಗೆದು ಮೇಜಿನ ಮೇಲಿಟ್ಟು, ಕವರಿನ ಮೇಲೆ ದುಂಡಗೆ ಹೆಸರು ಬರೆಯುವ ಹೊತ್ತಿಗೆ ಹೊರಗೆ ಆಟೋದವನು ಹಾರನ್ ಹೊಡೆದ. ನೋಟು ಮೇಜಿನ ಮೇಲೆ ಉಳಿಯಿತು, ಕವರು ಛತ್ರಕ್ಕೆ ಹೋಯಿತು. ಮೇಲೆ ಗಣಪತಿ, ಮೂಲೆಯಲ್ಲಿ ಅಂಟಿಸಿದ ಒಂದು ರೂಪಾಯಿ ನಾಣ್ಯ ಇರುತ್ತದಲ್ಲ, ಅಂಥ ಕವರು. ಮುಯ್ಯಿ ಬರೆಯಲು ಕೂತಿದ್ದ ಹುಡುಗ ಅದನ್ನು ಬಿಚ್ಚಿ, ಒಳಗೆ ಊದಿ, ತಲೆಕೆಳಗು ಮಾಡಿ ಕೊಡವಿ, ಕೊನೆಗೆ ನನ್ನ ಹೆಸರಿನ ಮುಂದೆ ಇದ್ದದ್ದನ್ನು ಇದ್ದ ಹಾಗೆ ಬರೆದ: 1 ರೂ.

ಅಲ್ಲಿಗೆ ಹೆಂಡತಿಯ ತವರಿನ ಕಡೆ ನಾನು ‘ಒಂದ್ರುಪಾಯಿ ಮೇಷ್ಟ್ರು’ ಆದೆ. ನಾದಿನಿಯ ಮದುವೆಗೆ ಚಪ್ಪಲಿ ಸವೆಸಿ ಓಡಾಡಿದ್ದು, ಮಾವನವರನ್ನು ಆಸ್ಪತ್ರೆಯಲ್ಲಿ ಹನ್ನೊಂದು ರಾತ್ರಿ ಕಾದದ್ದು, ಎಲ್ಲವೂ ಆ ನಾಣ್ಯದ ಅಡಿಗೆ ಬಿತ್ತು. ‘ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂದು ಪರೀಕ್ಷೆಯಲ್ಲಿ ಮಕ್ಕಳಿಗೆ ಗಾದೆ ವಿಸ್ತರಿಸಲು ಕೊಡುತ್ತಿದ್ದವನು ನಾನೇ. ಈಗ ಗಾದೆ ನನ್ನನ್ನು ವಿಸ್ತರಿಸತೊಡಗಿತು.

ಈ ಗಾದೆ ಎಲ್ಲರಿಗೂ ಅನ್ವಯಿಸುವುದಿಲ್ಲ ಎಂದು ನನಗೆ ಹೊಳೆದದ್ದು 2018ರ ಮಾರ್ಚಿನಲ್ಲಿ, ಟಿವಿ ಮುಂದೆ. ಕೇಪ್‌ಟೌನಿನ ನ್ಯೂಲ್ಯಾಂಡ್ಸ್ ಮೈದಾನದಲ್ಲಿ ಆಸ್ಟ್ರೇಲಿಯಾದ ಬ್ಯಾಂಕ್ರಾಫ್ಟ್ ಏನೋ ಹಳದಿ ಚೂರಿನಿಂದ ಚೆಂಡು ಉಜ್ಜಿ, ಅದನ್ನು ಚಡ್ಡಿಯೊಳಗೆ ತುರುಕಿಕೊಂಡದ್ದನ್ನು ಮೈದಾನದ ದೊಡ್ಡ ಪರದೆಯೇ ಜಗತ್ತಿಗೆ ತೋರಿಸಿತು. ಸಂಜೆ ಕ್ಯಾಪ್ಟನ್ ಸ್ಟೀವ್ ಸ್ಮಿತ್ ಪಕ್ಕದಲ್ಲಿ ಕೂತು, ಅದು ಅಂಟುಟೇಪು ಎಂದ. ನಾಲ್ಕೇ ದಿನಕ್ಕೆ ಟೇಪು ಹೋಗಿ ಬಡಗಿಗಳ ಉಪ್ಪುಕಾಗದ ಬಂತು. ಸ್ಮಿತ್‌ಗೂ ವೈಸ್ ಕ್ಯಾಪ್ಟನ್ ಡೇವಿಡ್ ವಾರ್ನರ್‌ಗೂ ಒಂದೊಂದು ವರ್ಷ ನಿಷೇಧ, ಬ್ಯಾಂಕ್ರಾಫ್ಟ್‌ಗೆ ಒಂಬತ್ತು ತಿಂಗಳು.

ಉಪ್ಪುಕಾಗದಕ್ಕಿಂತ ಅಂಟುಟೇಪೇ ಅವರನ್ನು ಹೆಚ್ಚು ಕೆಡಿಸಿತು ಎಂಬುದು ನನ್ನ ಅಭಿಪ್ರಾಯ. ಇದನ್ನು ಅನುಭವದಿಂದ ಹೇಳುತ್ತೇನೆ. ಮದುವೆಯ ಸಂಜೆ ಚಿಕ್ಕಮಾವನವರು ಸಂಕೋಚದಿಂದಲೇ ಫೋನು ಮಾಡಿದಾಗ, ನೋಟು ಮೇಜಿನ ಮೇಲಿದೆಯೇ ಎಂದು ಒಮ್ಮೆ ತಿರುಗಿ ನೋಡಿದ್ದರೆ ಸಾಕಿತ್ತು. ನಾನು, “ಒಳಗೆ ಇಟ್ಟಿದ್ದೆನಲ್ಲ, ಅಲ್ಲೇ ಎಲ್ಲೋ ಹೋಗಿರಬೇಕು, ವಿಚಾರಿಸಿ” ಎಂದುಬಿಟ್ಟೆ. ಐದು ನಿಮಿಷಕ್ಕೆ ಹೆಂಡತಿ ಮೇಜು ಒರೆಸಲು ಬಂದಳು.

ಮಾರ್ಚ್ 29ರಂದು ಸಿಡ್ನಿ ವಿಮಾನ ನಿಲ್ದಾಣದಲ್ಲಿ ಸ್ಮಿತ್ ಮೈಕಿನ ಮುಂದೆ ನಿಂತ. ನಾಲ್ಕು ಮಾತಾಡುವಷ್ಟರಲ್ಲಿ ಗಂಟಲು ಕಟ್ಟಿತು. ಹಿಂದೆ ನಿಂತಿದ್ದ ಅಪ್ಪ ಹೆಗಲ ಮೇಲೆ ಕೈಯಿಟ್ಟರು. ಅಪ್ಪನ ಹೆಸರು ಬಂದಾಗಲಂತೂ ಅವನು ಪೂರಾ ಅತ್ತುಬಿಟ್ಟ. ನಮ್ಮ ಅತ್ತೆ ಬಿಡಿಸುತ್ತಿದ್ದ ಅವರೆಕಾಯಿ ಅಲ್ಲೇ ಬಿಟ್ಟು, “ಪಾಪ, ಯಾರ ಮನೆ ಮಗುವೋ ಏನೋ! ಅಷ್ಟು ಜನರೆದುರು ಅಳಿಸ್ತಾರೆಯೇ?” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಒಂದು ವರ್ಷದ ಹಿಂದೆ, ನಮ್ಮ ಚಿನ್ನಸ್ವಾಮಿ ಮೈದಾನದಲ್ಲಿ ಎಲ್‌ಬಿಡಬ್ಲ್ಯು ಆಗಿ, ರಿವ್ಯೂ ಕೇಳಲೇ ಬೇಡವೇ ಎಂದು ಡ್ರೆಸ್ಸಿಂಗ್ ರೂಮಿನ ಕಡೆ ಕತ್ತು ಹೊರಳಿಸಿ ಸಿಕ್ಕಿಬಿದ್ದವನೂ ಇದೇ ಮಗು. ಆಗ ಅವನು ತಲೆಗೆ ಮಂಕು ಕವಿದಿತ್ತು ಎಂಬರ್ಥದ ಸಮಜಾಯಿಷಿ ಕೊಟ್ಟಿದ್ದ. ನನಗೂ ಕವಿದದ್ದು ಅದೇ ಮಂಕು ಎಂದು ಅತ್ತೆಗೆ ಹೇಳಿ ನೋಡಿದೆ. “ನೀವು ಅಳಲಿಲ್ಲವಲ್ಲ” ಎಂದರು.

ಅಳುವುದೂ ಎಲ್ಲರಿಗೂ ಒಗ್ಗುವುದಿಲ್ಲ. 1995ರ ಜೂನಿನಲ್ಲಿ ಇಂಗ್ಲಿಷ್ ನಟ ಹ್ಯೂ ಗ್ರಾಂಟ್ ಲಾಸ್ ಏಂಜಲೀಸಿನ ಬೀದಿಯಲ್ಲಿ, ಹೇಳಿಕೊಳ್ಳಬಾರದ ಸ್ಥಿತಿಯಲ್ಲಿ, ಪೊಲೀಸರ ಕೈಗೆ ಸಿಕ್ಕಿದ. ಎರಡು ವಾರಕ್ಕೆ ಅವನ ಹೊಸ ಸಿನಿಮಾ ಬಿಡುಗಡೆ. ಬೇರೆ ಯಾರಾದರೂ ಆಗಿದ್ದರೆ ಊರು ಬಿಡುತ್ತಿದ್ದರು. ಅವನು ಜೇ ಲೆನೊ ಎಂಬಾತನ ರಾತ್ರಿಯ ಟಿವಿ ಕಾರ್ಯಕ್ರಮಕ್ಕೆ ಹೋಗಿ ಕೂತ. ಅದೇನು ತಲೆಯಲ್ಲಿತ್ತು ಮಾರಾಯ ಎಂಬಂಥ ಪ್ರಶ್ನೆ ಮೊದಲಿಗೇ ಬಂತು. ಒತ್ತಡ, ಒಂಟಿತನ, ಬಾಲ್ಯ ಎಂದು ರಾಗ ಎಳೆಯದೆ, ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಎಂದು ಗೊತ್ತಿರುತ್ತದೆ, ನಾನು ಕೆಟ್ಟದ್ದನ್ನು ಮಾಡಿದೆ ಎಂದು ಕೂದಲು ಸರಿಪಡಿಸಿಕೊಂಡ. ಜನ ಚಪ್ಪಾಳೆ ಹೊಡೆದರು.

ಅವನ ಆ ವಾಕ್ಯದಲ್ಲಿ ‘ರೆ’ ಇರಲಿಲ್ಲ. ಮೇಷ್ಟ್ರ ಕಣ್ಣಿಗೆ ಅದೇ ಬೀಳುವುದು. ನಮ್ಮ ಕಡೆ ಪ್ರೆಸ್‌ಮೀಟಿನಲ್ಲಿ ಕ್ಷಮೆ ಕೇಳುವವರನ್ನು ಗಮನಿಸಿ: ಬಿಳಿ ಅಂಗಿ, ಹಣೆಗೆ ಕುಂಕುಮ, ಪಕ್ಕದಲ್ಲಿ ತಲೆ ತಗ್ಗಿಸಿದ ಹೆಂಡತಿ, ಬಾಯಲ್ಲಿ “ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ”. ಆಗಿದ್ದರೆ! ಅಂದರೆ ಆಗಿದೆಯೋ ಇಲ್ಲವೋ ಎಂಬುದು ಇನ್ನೂ ತನಿಖೆಯಲ್ಲಿದೆ. ಒಂದೇ ಅಕ್ಷರದಲ್ಲಿ ತಪ್ಪನ್ನು ಎದುರಿನವರ ಮಡಿಲಿಗೆ ಹಾಕುವ ಶಕ್ತಿ ಕನ್ನಡಕ್ಕಿದೆ. ಚಿಕ್ಕಮಾವನವರ ಮನೆಗೆ ಮರುದಿನ ದುಡ್ಡು ಹಿಡಿದು ಹೋದಾಗ ನಾನೂ “ತಪ್ಪಾಗಿದ್ದರೆ” ಎಂದೇ ಶುರುಮಾಡಿದ್ದೆ. ಹೋಗಿದ್ದರಿಂದ ಆದ ಲಾಭವೆಂದರೆ ‘ಸಿಕ್ಕಿಬಿದ್ದ ಮೇಲೆ ತಂದುಕೊಟ್ಟರು’ ಎಂದು ಕಥೆಗೆ ಎರಡನೇ ಭಾಗ ಸೇರಿದ್ದು.

ಮಾತೇ ಬೇಡ ಎಂದು ಉಣ್ಣೆಯಿಂದ ಮಾನ ಹೆಣೆದುಕೊಂಡವರೂ ಇದ್ದಾರೆ. ಅಮೆರಿಕದಲ್ಲಿ ಮಾರ್ಥಾ ಸ್ಟೂಅರ್ಟ್ ಎಂದರೆ ಅಡುಗೆ, ಹೂಜೋಡಣೆ, ಮನೆವಾರ್ತೆ ಕಲಿಸಿಯೇ ಕೋಟ್ಯಧಿಪತಿಯಾದ ಗೃಹಿಣಿ. ಷೇರು ಮಾರಿದ ಸಂಗತಿಯಲ್ಲಿ ತನಿಖೆಯವರಿಗೆ ಸುಳ್ಳು ಹೇಳಿ ಐದು ತಿಂಗಳು ಜೈಲು ಕಂಡಳು. 2005ರ ಮಾರ್ಚಿನಲ್ಲಿ ಹೊರಗೆ ಬರುವಾಗ ಮೈಮೇಲೆ, ಜೊತೆಯ ಕೈದಿಯೊಬ್ಬಳು ಕ್ರೋಶಾ ಹಾಕಿ ಕೊಟ್ಟ ಬೂದುಬಣ್ಣದ ಹೊದಿಕೆ. ತಲೆಯ ಮೇಲಿಂದ ಇಳಿಬಿಟ್ಟು ತೊಡುತ್ತಾರಲ್ಲ, ಪೊಂಚೋ ಎಂದು, ಅದು. ಜನ ಜೈಲು ಮರೆತು ಹೆಣಿಗೆ ಹಿಡಿದುಕೊಂಡರು. ಉಣ್ಣೆ ಕಂಪನಿಯೊಂದು ಅದರ ಮಾದರಿಯನ್ನೇ ಬಿಡಿಸಿ ಹಂಚಿತು. ಸಾವಿರಾರು ರೂಪಾಯಿ ಕೊಟ್ಟು ಸಲಹೆಗಾರರನ್ನು ಇಟ್ಟುಕೊಂಡರೂ ಇಂಥದ್ದು ಹೊಳೆಯಲಿಕ್ಕಿಲ್ಲ. ಹೆಣೆದವಳ ಹೆಸರು ನಿಮಗೆ ಗೊತ್ತೆ? ನನಗೂ ಗೊತ್ತಿಲ್ಲ.

ಸ್ಮಿತ್ ಕಥೆಗೆ ಬರೋಣ. ಅಳುವಿನಿಂದ ಅತ್ತೆಯನ್ನು ಗೆದ್ದ, ಇಂಗ್ಲೆಂಡಿನ ಗ್ಯಾಲರಿಗಳನ್ನಲ್ಲ. 2019ರ ವಿಶ್ವಕಪ್ಪಿನಲ್ಲಿ ಓವಲ್ ಮೈದಾನದಲ್ಲಿ ಅವನನ್ನು ಛೇಡಿಸುತ್ತಿದ್ದವರು ನಮ್ಮವರೇ. ಬ್ಯಾಟ್ ಹಿಡಿದು ನಿಂತಿದ್ದ ವಿರಾಟ್ ಕೊಹ್ಲಿ ಗ್ಯಾಲರಿ ಕಡೆ ತಿರುಗಿ, ಇದೇನು, ಚಪ್ಪಾಳೆ ತಟ್ಟಿ ಎಂದು ಕೈಸನ್ನೆ ಮಾಡಿದ. ಬೆಂಗಳೂರಿನ ಆ ಕತ್ತು ಹೊರಳಿಸಿದ ಪ್ರಸಂಗದಲ್ಲಿ ಸ್ಮಿತ್ ಮೇಲೆ ಕೆಂಡ ಕಾರಿದ್ದ ಕೊಹ್ಲಿಯೇ ಇವನು. ಕ್ರಿಕೆಟ್ಟಿನಲ್ಲಿ ನಾನು ಕಂಡ ಚಂದದ ಹೊಡೆತಗಳಲ್ಲಿ ಆ ಕೈಸನ್ನೆಯೂ ಒಂದು. ಆಗಸ್ಟಿನಲ್ಲಿ ಇಂಗ್ಲೆಂಡ್ ವಿರುದ್ಧದ ಟೆಸ್ಟ್ ಸರಣಿಗೆ ಎಜ್‌ಬಾಸ್ಟನ್ ಮೈದಾನಕ್ಕೆ ಬಂದ ಪ್ರೇಕ್ಷಕರು ಜೇಬಿನಲ್ಲಿ ಉಪ್ಪುಕಾಗದ ತಂದು ಬೀಸಿದರು. ಸ್ಮಿತ್ 144 ಹೊಡೆದ. ಎರಡನೇ ಇನಿಂಗ್ಸಿನಲ್ಲಿ 142. ತಲೆಗೆ ಪೆಟ್ಟು ಬಿದ್ದು ಒಂದು ಟೆಸ್ಟ್ ತಪ್ಪಿಸಿಕೊಂಡರೂ ಸರಣಿಯಲ್ಲಿ ಒಟ್ಟು 774 ರನ್. ಕಾಗದ ಬೀಸಿದ ಕೈಗಳೇ ಕೊನೆಗೆ ಚಪ್ಪಾಳೆ ತಟ್ಟಿದವು. ಆನೆ ಕೊಟ್ಟರೂ ಬಾರದ್ದು 774 ರನ್ನಿಗೆ ಬರುತ್ತದೆ.

ವಾರ್ನರ್‌ಗೆ ಆ ಸರಣಿಯಲ್ಲಿ ಹತ್ತು ಇನಿಂಗ್ಸ್ ಸೇರಿ ದಕ್ಕಿದ್ದು 95 ರನ್. ಪ್ರೇಕ್ಷಕರು ರೇಗಿಸಿದಾಗ ಪ್ಯಾಂಟಿನ ಜೇಬು ಹೊರಗೆಳೆದು ಖಾಲಿ ಎಂದು ತೋರಿಸಿ ನಕ್ಕ. (ಖಾಲಿ ಎಂದು ತೋರಿಸಿ ಗೆದ್ದವರೂ ಉಂಟು!) ಮರುವರ್ಷ ಲಾಕ್‌ಡೌನಿನಲ್ಲಿ ಹೆಂಡತಿ ಮಕ್ಕಳೊಡನೆ ತೆಲುಗು ಹಾಡಿಗೆ ಕುಣಿದು ವಿಡಿಯೊ ಬಿಟ್ಟ. 2016ರಲ್ಲಿ ಇದೇ ಬೆಂಗಳೂರಿನಲ್ಲಿ, ಐಪಿಎಲ್ ಫೈನಲ್ಲಿನಲ್ಲಿ ನಮ್ಮವರನ್ನು 8 ರನ್ನಿನಿಂದ ಸೋಲಿಸಿದವನು ಎಂದು ಅವನನ್ನು ಶಪಿಸುತ್ತಿದ್ದ ನನ್ನ ಮಗ, ಆ ಕುಣಿತ ನೋಡಿ ಬಿದ್ದು ಬಿದ್ದು ನಕ್ಕ. ಉಪ್ಪುಕಾಗದ ಎಲ್ಲಿ ಹೋಯಿತೋ.

ನಮ್ಮ ಕೆ.ಎಲ್. ರಾಹುಲ್ ಕೂಡ 2019ರಲ್ಲಿ ಹಾರ್ದಿಕ್ ಪಾಂಡ್ಯ ಜೊತೆ ಟಿವಿಯಲ್ಲಿ ಕಾಫಿ ಕುಡಿಯಲು ಹೋಗಿ ಕೆಟ್ಟ. ಹೆಣ್ಣುಮಕ್ಕಳ ಬಗ್ಗೆ ಆಡಬಾರದ ಮಾತು ಬಂದ ಕಾರ್ಯಕ್ರಮವದು. ಇಬ್ಬರಿಗೂ 20 ಲಕ್ಷ ದಂಡ: ಹುತಾತ್ಮರಾದ ಅರೆಸೇನಾ ಪಡೆಯ ಹತ್ತು ಪೇದೆಗಳ ಕುಟುಂಬಕ್ಕೆ ಒಂದೊಂದು ಲಕ್ಷ, ಉಳಿದದ್ದು ಅಂಧರ ಕ್ರಿಕೆಟ್ಟಿಗೆ. ಕವರಿನಲ್ಲಿ ಏನಿರಬೇಕೆಂದು ನಿಖರವಾಗಿ ಹೇಳಿದ ಈ ತೀರ್ಪು ನನಗೆ ಹಿಡಿಸಿತು.

ಆದರೆ ಚೆಂಡು ಉಜ್ಜಿದ್ದು ಬೇರೆ, ಒಬ್ಬರ ಬಾಳು ಉಜ್ಜಿಹಾಕಿದ್ದು ಬೇರೆ. ಎರಡನೆಯದಕ್ಕೆ ಚಪ್ಪಾಳೆ ತಟ್ಟಿ ಕ್ಷಮಿಸಲು ಗ್ಯಾಲರಿಯಲ್ಲಿ ಕೂತ ನಾವು ಯಾರು? ಪೆಟ್ಟು ತಿಂದವರ ಹತ್ತಿರ ಹೋಗದೆ ಮೈಕಿನ ಹತ್ತಿರ ಹೋಗುವವರೇ ಹೆಚ್ಚು. ಹೀಗೆಂದು ಹೆಂಡತಿಯ ಮುಂದೆ ಭಾಷಣ ಬಿಗಿಯುತ್ತಿದ್ದಾಗ ಅವಳು ತಣ್ಣಗೆ, “ನೀವು ಚಿಕ್ಕಪ್ಪನ ಹತ್ರ ಹೋದ್ರಿ, ಅಮ್ಮನ ಹತ್ರ ಅಲವತ್ತುಕೊಂಡ್ರಿ. ಆ ಹುಡುಗನ ಹತ್ರ ಹೋದ್ರಾ? ಅವನ ಜೇಬು ತಡಕಿದ್ರಂತೆ ಅವತ್ತು” ಎಂದಳು.

ನನಗೆ ಆ ಸಂಗತಿ ಅಷ್ಟು ವರ್ಷ ಗೊತ್ತೇ ಇರಲಿಲ್ಲ.

ಕಳೆದ ತಿಂಗಳು ಅದೇ ಚಿಕ್ಕಮಾವನವರ ಮಗನ ಗೃಹಪ್ರವೇಶ. ಬಾಗಿಲಲ್ಲಿ ಮುಯ್ಯಿ ಪುಸ್ತಕ ಹಿಡಿದು ಕೂತವನು ಅದೇ ಹುಡುಗ. ಈಗ ಬ್ಯಾಂಕಿನಲ್ಲಿ ಕ್ಯಾಷಿಯರ್, ನೆತ್ತಿ ತೆಳ್ಳಗಾಗಿದೆ. ಕವರು ಕೊಟ್ಟು, “ಅವತ್ತು ನಿನ್ನ ಮೇಲೆ ಮಾತು ಬರೋ ಹಾಗೆ ಮಾಡಿದ್ದು ನಾನು ಕಣಪ್ಪ. ನೋಟು ಮನೇಲೇ ಇತ್ತು. ತಪ್ಪು ನಂದೇ” ಎಂದೆ. ಅವನು ತಲೆಯೆತ್ತಲಿಲ್ಲ. ನನ್ನೆದುರಿಗೇ ಕವರು ಬಿಚ್ಚಿದ, ಐನೂರರ ಎರಡು ನೋಟನ್ನು ಬೆರಳಿಗೆ ಎಂಜಲು ಹಚ್ಚಿ ಎರಡು ಸಲ ಎಣಿಸಿದ, ಒಂದನ್ನು ಬೆಳಕಿಗೆ ಹಿಡಿದು ನೋಡಿದ. “ಊಟಕ್ಕೆ ನಡೀರಿ ಮೇಷ್ಟ್ರೆ, ಎರಡನೇ ಪಂಕ್ತಿ ಕೂರ್ತಾ ಇದೆ” ಎಂದು, ಅಂಟಿಸಿದ್ದ ನಾಣ್ಯವನ್ನೂ ಸೇರಿಸಿ, ನನ್ನ ಹೆಸರಿನ ಮುಂದೆ ಬರೆದ: 1,001 ರೂ.