ಕಟಾವಿಗೆ ಹೊಂಟೀನಿ

ಕೊಟ್ಟೂರಿನ ಮಿರ್ಚಿ-ಮಂಡಕ್ಕಿ ಅಂಗಡಿ. ಬೆಂಗಳೂರಿನ ಅಳಿಯ, ಊರಿನ ಮಾವ.

‘ಮಾವಾ, ಆಗಸ್ಟಿಗೆ ಕಟಾವಿಗೆ ಹೊಂಟೀನಿ.’

‘ಮೆಕ್ಕೆಜೋಳ ಇನ್ನೂ ಹಸಿ ಇರ್ತೈತಲ್ಲೋ! ಯಾರ ಹೊಲ?’

‘ಹೊಲ ಅಲ್ಲ. ಕಟಾವಿ ಅಂದ್ರ ತಾಂಜಾನಿಯಾದ ನ್ಯಾಷನಲ್ ಪಾರ್ಕು. ಭಾಳ ದೂರ, ಸಣ್ಣ ವಿಮಾನದಾಗ ಹೋಗಬೇಕು. ನದಿ ಬತ್ತಿದಾಗ ಒಂದೇ ಗುಂಡ್ಯಾಗ ನೂರಾರು ನೀರಾನೆ ಗುದ್ದಾಡ್ತಾವ.’

‘ಅದಕ್ಕ ವಿಮಾನ ಯಾಕ? ಬ್ಯಾಸಿಗ್ಯಾಗ ನಮ್ಮ ಓಣಿ ನಳದ ಮುಂದ ಬಾ.’

‘ಕಾಡುಪ್ರಾಣಿ ಮಾವಾ!’

‘ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮ ನೋಡೀಯೇನು? ಅಲ್ಲಿ ಕರಡಿಗೂಳು ಟಿಕೆಟ್ ಕೇಳಂಗಿಲ್ಲ, ರಾತ್ರಿ ಶೇಂಗಾ ಹೊಲಕ್ಕ ತಾವೇ ಬರ್ತಾವ.’

‘ಇಲ್ಲ.’

‘ಅಂಕಸಮುದ್ರ?’

‘ಅದೆಲ್ಲೈತಿ?’

‘ಹಗರಿಬೊಮ್ಮನಹಳ್ಳಿ ಹತ್ರ. ಕೆರಿ ತುಂಬ ಜಾಲಿಗಿಡ, ಗಿಡದ ತುಂಬ ಹಕ್ಕಿ. 2024ರಾಗ ರಾಮ್‌ಸಾರ್ ಪಟ್ಟಿಗೆ ಸೇರೈತಿ. ಜಗತ್ತಿಗೇ ಗೊತ್ತಾತು, ಕೊಟ್ಟೂರು ಅಳಿಯಗ ಗೊತ್ತಿಲ್ಲ.’

‘ಸಫಾರಿ ಜೀಪು ಐತೇನು?’

‘ನನ್ನ ಟಿವಿಎಸ್ ಐತಿ. ಪೆಟ್ರೋಲ್ ನಿಂದು.’

ಅಳಿಯ ಮಿರ್ಚಿ ತುದಿ ಕಚ್ಚಿ ಯೋಚಿಸಿದ. ಖಾರಕ್ಕೋ ಏನೋ, ಕಣ್ಣಾಗ ನೀರು.

‘ಫೋಟೋ ಹಾಕಿದ್ರ ಯಾರು ಲೈಕ್ ಒತ್ತತಾರ ಮಾವಾ?’

‘ಹಕ್ಕಿ ನಮ್ಮದು ಹಾಕು. ಕೆಳಗ ತಾಂಜಾನಿಯಾ ಅಂತ ಬರಿ.’