ಬೆಲ್ಲಿಗೆ ಕೆಲಸವಿಲ್ಲದ ದಾರಿ

ಸೈಕಲ್ ತುಳಿಯಲು ಕಾಲು ಬೇಕು ಎನ್ನುವವರು ನಮ್ಮ ಕಡೆಯ ರಸ್ತೆಗಳಲ್ಲಿ ತುಳಿದವರಲ್ಲ. ಮೈಸೂರಿನಲ್ಲಿ ನಾನು ಸೈಕಲ್ ಹೊಡೆದದ್ದು ಕಣ್ಣಿನಿಂದ, ಕಿವಿಯಿಂದ, ಎಲ್ಲಕ್ಕಿಂತ ಹೆಚ್ಚಾಗಿ ಬಾಯಿಯಿಂದ. ಎದುರಿನ ಟಾಂಗಾದವನ ಮನಸ್ಸಿನಲ್ಲೇನಿದೆ, ಪಕ್ಕದ ಎಮ್ಮೆ ಎಡಕ್ಕೆ ತಿರುಗುತ್ತದೋ ಬಲಕ್ಕೋ, ಹಿಂದಿನಿಂದ ಹಾರನ್ ಹೊಡೆಯುತ್ತಿರುವ ಬಸ್ಸು ನಿಲ್ಲುವುದೋ ನುಗ್ಗುವುದೋ, ಇಷ್ಟನ್ನೂ ಅಂದಾಜು ಮಾಡಿ, ಬೈಯಬೇಕಾದವರನ್ನು ಬೈದು ಮುಗಿಸುವಷ್ಟರಲ್ಲಿ ಕಾಲುಗಳು ತಮ್ಮ ಪಾಡಿಗೆ ತಾವು ತುಳಿದು ಮನೆ ಮುಟ್ಟಿಸಿರುತ್ತಿದ್ದವು. ಹೀಗಾಗಿ, "ಅಪ್ಪ, ಇಲ್ಲೊಂದು ಸೈಕಲ್ ದಾರಿ ಇದೆ. ಕಾರು, ಬಸ್ಸು, ಲಾರಿ ಏನೂ ಬರಲ್ಲ" ಎಂದು ಇಂಗ್ಲೆಂಡಿನ ಎಕ್ಸಿಟರ್‌ನಲ್ಲಿರುವ ಮಗಳು ಹೇಳಿದಾಗ ನನಗೆ ಹೊಳೆದ ಮೊದಲ ಪ್ರಶ್ನೆ, ಹಾಗಾದರೆ ಅಲ್ಲಿ ಮಾಡುವುದಾದರೂ ಏನು?

ಎಕ್ಸಿಟರ್‌ನಿಂದ ಹೊರಟ ರೈಲು ಡೆವನ್ ಪ್ರಾಂತ್ಯದ ಉತ್ತರದಲ್ಲಿರುವ ಬಾರ್ನ್‌ಸ್ಟೇಪಲ್ ಎಂಬ ಊರಿಗೆ ಬಂದು ನಿಲ್ಲುತ್ತದೆ. ನಿಲ್ಲದೆ ವಿಧಿಯಿಲ್ಲ, ಮುಂದೆ ಹಳಿಯಿಲ್ಲ. ಇದ್ದ ಹಳಿಯನ್ನು ಕಿತ್ತು ಟಾರು ಹಾಕಿರುವ ಜಾಗವೇ ಟಾರ್ಕಾ ಟ್ರೇಲ್. ಬ್ರಾಂಟನ್‌ನಿಂದ ಮೀತ್ ಎಂಬ ಹಳ್ಳಿಯವರೆಗೆ ಸುಮಾರು 48 ಕಿಲೋಮೀಟರ್, ಮೋಟಾರಿನ ಸದ್ದಿಲ್ಲದೆ ಮೊದಲು ಅಳಿವೆಯ ದಡದಲ್ಲಿ, ಆಮೇಲೆ ಕಾಡಿನೊಳಗೆ ಹೋಗುತ್ತದೆ. ಟಾರ್ಕಾ ಎಂಬುದು ಒಂದು ನೀರುನಾಯಿ. ಹೆನ್ರಿ ವಿಲಿಯಮ್‌ಸನ್ ಎಂಬ ಲೇಖಕ 1927ರಲ್ಲಿ ಪ್ರಕಟಿಸಿದ ಕಾದಂಬರಿಯ ನಾಯಕ ಅದು. ಮನುಷ್ಯರ ಹೆಸರಿಟ್ಟರೆ ಮುಂದೆ ಬಂದವರು ಬದಲಾಯಿಸುತ್ತಾರೆಂಬ ಮುಂದಾಲೋಚನೆ ಇದ್ದಿರಬೇಕು. ನೀರುನಾಯಿಗೆ ಎದುರು ಪಕ್ಷವಿಲ್ಲ.

ಸೈಕಲ್ ಬಾಡಿಗೆ ಅಂಗಡಿಯ ಹುಡುಗ ನನ್ನ ಎತ್ತರ ಕೇಳಿ, ಅದಕ್ಕೆ ಸರಿಯಾಗಿ ಸೀಟು ಇಳಿಸಿದ. ನಮ್ಮ ಕಾಲದಲ್ಲಿ ಬಾಡಿಗೆ ಸೈಕಲ್ಲಿನವರು ಕೇಳುತ್ತಿದ್ದುದು ಎತ್ತರವನ್ನಲ್ಲ, "ಯಾರ ಮಗನೋ ನೀನು?" ಎಂದು. ಎತ್ತರ ಸಾಲದಿದ್ದರೆ ಅದು ನಮ್ಮ ಕಷ್ಟ, ಒಳಪೆಡಲ್ ಹೊಡೆಯಬೇಕು. ನನ್ನಾಕೆಗೆ ಮಗಳು ಬ್ಯಾಟರಿ ಸೈಕಲ್ ಹೇಳಿಟ್ಟಿದ್ದಳು. "ನಿಮಗೂ ಅದೇ ಇರಲಿ" ಎಂದರು ಇಬ್ಬರೂ. ಒಳಪೆಡಲ್‌ನಿಂದ ಮೇಲೆ ಬಂದ ನಾನು ಬ್ಯಾಟರಿಗೆ ಇಳಿಯುವವನಲ್ಲ.

ಈ ದಾರಿಯ ದೊಡ್ಡ ಗುಣವೆಂದರೆ ಏರಿಲ್ಲದಿರುವುದು. ಡೆವನ್ನಿನ ಮಿಕ್ಕ ರಸ್ತೆಗಳು ಹಾಗಲ್ಲ. ಎರಡೂ ಕಡೆ ಆಳೆತ್ತರದ ಬೇಲಿ, ನಡುವೆ ಒಂದು ಗಾಡಿಯ ಅಗಲ, ಎದೆ ಮಟ್ಟದ ಏರು. ಆದರೆ ಉಗಿಬಂಡಿ ದೈತ್ಯನಂತೆ ಕಂಡರೂ ಏರು ಎಂದರೆ ಅದಕ್ಕೆ ಜೀವ ಹೋಗುತ್ತದೆ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರ ಜಾರುತ್ತದೆಯಲ್ಲ! ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ನಮ್ಮ ಘಟ್ಟದ ರೈಲಿಗೂ 50 ಅಡಿಗೆ ಒಂದಡಿಗಿಂತ ಹೆಚ್ಚು ಏರಿಳಿತ ಇರಬಾರದೆಂದೇ ಗುಡ್ಡ ಕೊರೆದು 57 ಸುರಂಗ ಮಾಡಿದ್ದು. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬರುವವರೆಗೆ ಅಲ್ಲಿ ರೈಲು ನಿಂತಿದ್ದ ವರ್ಷಗಳಲ್ಲಿ ಚಾರಣದವರು ನಡೆದದ್ದೇ ನಡೆದದ್ದು. ಅವರಿಗೂ ನನಗೂ ಇರುವ ಸೌಕರ್ಯ ಒಂದೇ: ನಮಗಿಂತ ಮೊದಲು ಒಂದು ಎಂಜಿನ್ ಆ ದಾರಿಯಲ್ಲಿ ಏದುಸಿರು ಬಿಟ್ಟಿದೆ, ಅದರ ದಮ್ಮಿಗೆ ತಕ್ಕಂತೆ ಯಾರೋ ಪುಣ್ಯಾತ್ಮರು ನೆಲವನ್ನು ಮಟ್ಟ ಮಾಡಿಕೊಟ್ಟಿದ್ದಾರೆ.

ರೈಲು ಹೋಗಿ ಸೈಕಲ್ ಬರಲು ಕಾರಣನಾದ ಪುರುಷ ರಿಚರ್ಡ್ ಬೀಚಿಂಗ್. ಹೆಸರು ಕೇಳಿ ನನಗೆ ನಮ್ಮ ಬೀಚಿಯವರು ನೆನಪಾದರು. ಆದರೆ ಈ ಮನುಷ್ಯ ಯಾರನ್ನೂ ನಗಿಸಿದವನಲ್ಲ. ಬ್ರಿಟಿಷ್ ರೈಲ್ವೆ ಮಂಡಳಿಯ ಅಧ್ಯಕ್ಷನಾಗಿ 1963ರಲ್ಲಿ ಒಂದು ವರದಿ ಕೊಟ್ಟು, ನಷ್ಟದಲ್ಲಿರುವ 2,363 ನಿಲ್ದಾಣಗಳನ್ನು ಮುಚ್ಚಿ ಎಂದ. ಊರೂರೇ ಶಾಪ ಹಾಕಿತು. ಬಾರ್ನ್‌ಸ್ಟೇಪಲ್‌ನಿಂದ ಟಾರಿಂಗ್ಟನ್‌ಗೆ ಹೋಗುತ್ತಿದ್ದ ಪ್ರಯಾಣಿಕರ ಬಂಡಿ 1965ರಲ್ಲಿ ನಿಂತಿತು. ಜೇಡಿಮಣ್ಣು ಹೊರುವ ಗೂಡ್ಸು ಮಾತ್ರ 1982ರವರೆಗೆ ಓಡಿತು. ಅಷ್ಟರಲ್ಲಿ, 1977ರಲ್ಲಿ, ಬ್ರಿಸ್ಟಲ್‌ನ ಕೆಲವು ಸೈಕಲ್ ಪ್ರೇಮಿಗಳು ಒಟ್ಟುಗೂಡಿದ್ದರು. ಮುಂದೆ ಸಸ್ಟ್ರಾನ್ಸ್ ಎಂದು ಹೆಸರಾದ ಆ ಗುಂಪು ಬಾತ್ ನಗರದವರೆಗಿನ ಹಾಳು ರೈಲು ದಾರಿಯನ್ನು ಸೈಕಲ್ಲಿಗೆ ಹದ ಮಾಡಿ, ಹಳಿ ಕಿತ್ತ ಜಾಗ ಏನೇನಕ್ಕೆ ಬರುತ್ತದೆಂದು ದೇಶಕ್ಕೆಲ್ಲ ತೋರಿಸಿತು. ಬೀಚಿಂಗನಿಗೆ ಸೈಕಲ್ಲಿನವರೆಲ್ಲ ಸೇರಿ ಎಲ್ಲಾದರೂ ಒಂದು ಪ್ರತಿಮೆ ನಿಲ್ಲಿಸಬೇಕು ಎಂಬುದು ನನ್ನ ಖಾಸಗಿ ಅಭಿಪ್ರಾಯ. ರೈಲು ಕಳೆದುಕೊಂಡ ಊರಿನವರ ಮುಂದೆ ಮಾತ್ರ ಇದನ್ನು ಗಟ್ಟಿಯಾಗಿ ಹೇಳಲಾರೆ.

ಹೊರಟ ಸ್ವಲ್ಪ ಹೊತ್ತಿಗೇ ನನ್ನ ಹೆದರಿಕೆ ನಿಜವಾಯಿತು. ಎಡಕ್ಕೆ ಹೊಲ, ಬಲಕ್ಕೆ ಟಾ ನದಿಯ ಅಗಲವಾದ ಅಳಿವೆ, ನಡುವೆ ನಾನು. ಬೈಯಲು ಒಬ್ಬನಿಲ್ಲ. ನಮ್ಮಲ್ಲಿ ನಿಧಾನವಾದರೆ ಅದು ಸಿಗ್ನಲ್ಲಿನ ತಪ್ಪು, ಲಾರಿಯ ತಪ್ಪು, ರಸ್ತೆ ಅಗೆದವರ ತಪ್ಪು. ಇಲ್ಲಿ ನಿಧಾನವಾದರೆ ನಿಧಾನವಾದದ್ದು ನಾನೇ. ಮಂಡಿ ನೋವಿಗೆ ಮಂಡಿಯೇ ಹೊಣೆ. ಗೇರ್ ಹಾಳಾಗಿದೆ ಎನ್ನೋಣವೆಂದರೆ, ಅದೇ ಅಂಗಡಿಯ ಅದೇ ತರಹದ ಸೈಕಲ್ ಮೇಲೆ ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು "ಮಾರ್ನಿಂಗ್" ಎಂದು ನನ್ನನ್ನು ದಾಟಿ ಹೋದರು.

ಬೆಲ್ಲಿನ ಪಾಡು ನನಗಿಂತ ಕಷ್ಟ. ನಾಯಿ ಹಿಡಿದ ದಂಪತಿ ಮುಂದೆ ಕಂಡರು. ಅಭ್ಯಾಸಬಲದಿಂದ ನಮ್ಮೂರಿನ ಲೆಕ್ಕದಲ್ಲಿ ಟ್ರಿಣ್ ಟ್ರಿಣ್ ಟ್ರಿಣ್ ಎಂದೆ. ದಾರಿ ಅವರದೇ, ನಾಯಿಯೂ ಪಕ್ಕದಲ್ಲೇ ಇತ್ತು. ಆದರೂ ಗಂಡ "ಸಾರಿ" ಎಂದ, ಹೆಂಡತಿ "ಸಾರಿ" ಎಂದಳು, ನಾಯಿಯ ಪರವಾಗಿ ಇಬ್ಬರೂ ಸೇರಿ ಇನ್ನೊಂದು "ಸಾರಿ" ಎಂದರು. ಒಂದು ಬೆಲ್ಲಿಗೆ ಇಷ್ಟು ಕ್ಷಮಾಪಣೆ ಬಂದರೆ ಹೊಡೆದವನಿಗೆ ಮುಖ ಎಲ್ಲಿಡಬೇಕು? ನನ್ನಾಕೆ ಹಿಂದಿರುಗಿ ನೋಡಿ, "ರೀ, ಅವರನ್ನ ಎಬ್ಬಿಸಿ ಓಡಿಸ್ತೀರಾ?" ಎಂದಳು. ಆಮೇಲೆ ಯಾರಾದರೂ ಕಂಡರೆ ಬೆಲ್ ಮುಟ್ಟದೆ ಕೆಮ್ಮತೊಡಗಿದೆ. ಅದಕ್ಕೂ "ಸಾರಿ" ಎಂದರು.

ಫ್ರೆಮಿಂಗ್ಟನ್ ಕೀ ಎಂಬಲ್ಲಿ ನಿಲ್ದಾಣ ಇದೆ, ಪ್ಲಾಟ್‌ಫಾರ್ಮ್ ಇದೆ, ಟೀ ಇದೆ, ರೈಲೊಂದಿಲ್ಲ. ಒಂದು ಕಾಲಕ್ಕೆ ಕಲ್ಲಿದ್ದಲು ಇಳಿಸಿ ಜೇಡಿಮಣ್ಣು ಹಡಗಿಗೆ ತುಂಬುತ್ತಿದ್ದ ಗಿಜಿಗಿಜಿ ಬಂದರು ಇದು. ಈಗ ಕೊಕ್ಕರೆ ಜಾತಿಯ ಹಕ್ಕಿಗಳು ಕೆಸರಿನಲ್ಲಿ ಒಂಟಿಕಾಲಲ್ಲಿ ನಿಂತಿರುತ್ತವೆ. ನಾವು ಬಂದಾಗ ತುಂಬಿದ್ದ ಅಳಿವೆ ಟೀ ಮುಗಿಸಿ ಏಳುವ ಹೊತ್ತಿಗೆ ಇಳಿಯಲು ಶುರುವಾಗಿತ್ತು. ಮುಂದೆ ಹೋದಂತೆ ದೋಣಿಗಳೆಲ್ಲ ಕೆಸರಿನ ಮೇಲೆ ಮಗ್ಗುಲಾಗಿ ಮಲಗಿದವು. ಇಲ್ಲಿಂದ ಮೇಲಕ್ಕಿರುವ ಬ್ರಿಸ್ಟಲ್ ಕಡಲ್ಗಾಲುವೆಯ ಭರತ ಇಳಿತ ಜಗತ್ತಿನಲ್ಲೇ ಅತಿ ದೊಡ್ಡವುಗಳಲ್ಲಿ ಒಂದು ಎಂದು ಓದಿಕೊಂಡು ಬಂದದ್ದನ್ನು ನಾನು ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನಾಕೆ, "ನಮ್ಮ ಬೀದಿ ನಲ್ಲಿ ಥರಾನೇ, ನೀರು ಬಿಡೋ ಹೊತ್ತು ಮುಗೀತು" ಎಂದು ಮುಗಿಸಿದಳು. ಚಂದ್ರನ ಸೆಳೆತ ನನ್ನ ಗಂಟಲಲ್ಲೇ ಉಳಿಯಿತು.

ಇನ್‌ಸ್ಟೋ ಎಂಬಲ್ಲಿ 1870ರ ದಶಕದ ಸಿಗ್ನಲ್ ಕ್ಯಾಬಿನ್ ಒಂದನ್ನು ಜೋಪಾನವಾಗಿ ಉಳಿಸಿಕೊಂಡಿದ್ದಾರೆ. ಕೆಲವು ಭಾನುವಾರ ಸ್ವಯಂಸೇವಕರು ಬಾಗಿಲು ತೆಗೆದು, ಬಂದವರಿಗೆ ಲಿವರ್ ಎಳೆಯಲು ಬಿಡುತ್ತಾರಂತೆ. ಬರದ ರೈಲಿಗೆ ಗೇಟು ಹಾಕುವ ಈ ಸುಖ ನನಗೆ ದಕ್ಕಲಿಲ್ಲ. ನಾವು ಹೋದದ್ದು ವಾರದ ನಡುವೆ. ಮುಂದೆ ಬಿಡಿಫೋರ್ಡ್ ಪಟ್ಟಣದ ಉದ್ದನೆಯ ಹಳೇ ಸೇತುವೆ. 24 ಕಮಾನುಗಳು, ಒಂದರ ಅಗಲ ಇನ್ನೊಂದಕ್ಕಿಲ್ಲ. ಯಾಕೆ ಹಾಗೆ ಎಂಬುದಕ್ಕೆ ಕಥೆಗಳು ಹಲವು. ಕಂಟ್ರಾಕ್ಟರ್ ಹಲವರಿದ್ದಿರಬೇಕು ಎಂಬುದು ನನ್ನಾಕೆಯ ತೀರ್ಮಾನ. ಅಲ್ಲಿಯ ಬೆಂಚಿನ ಮೇಲೆ ಕೂತು ಡಬ್ಬಿಯಲ್ಲಿ ತಂದ ಅವಲಕ್ಕಿ ತಿಂದೆವು.

ಅಲ್ಲಿಂದ ಮುಂದೆ ಕಾಡು. ಅಳಿವೆಯ ಬಿಸಿಲಿನಿಂದ ಒಮ್ಮೆಗೇ ನೆರಳಿಗೆ ನುಗ್ಗಿದಾಗ ಕಣ್ಣಿಗೆ ಏನೂ ಕಾಣದು, ಮೂಗಿಗೆ ಮಾತ್ರ ಒದ್ದೆ ಎಲೆಯ ವಾಸನೆ. ಓಕ್ ಮರಗಳು ಎರಡೂ ಕಡೆಯಿಂದ ಬಾಗಿ ಹಳಿಯ ಜಾಗವನ್ನು ಮುಚ್ಚಿವೆ, ಕಲ್ಲಿನ ಗೋಡೆಗಳ ಸಂದಿಗೆಲ್ಲ ಜರೀಗಿಡ. ಟಾರಿಜ್ ನದಿ ಡೊಂಕುಡೊಂಕಾಗಿ ಹರಿಯುತ್ತದೆ. ರೈಲಿಗೆ ಡೊಂಕು ಒಗ್ಗದ್ದರಿಂದ ದಾರಿ ಮಾತ್ರ ನೇರವಾಗಿ ಹೋಗಿ ಅದೇ ನದಿಯನ್ನು ಮತ್ತೆ ಮತ್ತೆ ಸೇತುವೆಯ ಮೇಲಿನಿಂದ ದಾಟುತ್ತದೆ. ಬೀಮ್ ಎಂಬಲ್ಲಿ ಹಳೇ ಕಾಲುವೆಯನ್ನು ನದಿಯಾಚೆ ಸಾಗಿಸಲು ಕಟ್ಟಿದ ಕಲ್ಲಿನ ಮೇಲ್ಗಾಲುವೆ ಕಾಣುತ್ತದೆ. ಕಾದಂಬರಿಯ ಟಾರ್ಕಾ ಹುಟ್ಟಿದ್ದು ಅದರ ಹತ್ತಿರ. ಸೈಕಲ್ ನಿಲ್ಲಿಸಿ ನೀರುನಾಯಿಗಾಗಿ ಕಾದೆವು. ದುರ್ಬೀನು ಹಿಡಿದು ಪಕ್ಕದಲ್ಲೇ ನಿಂತಿದ್ದ ಒಬ್ಬರು, ತಾವು ವರ್ಷಗಳಿಂದ ಬರುತ್ತಿರುವುದಾಗಿಯೂ, ಇನ್ನೂ ನೋಡಿಲ್ಲದಿರುವುದಾಗಿಯೂ ಸಂತೋಷದಿಂದ ತಿಳಿಸಿದರು. ಎರಡನೆಯ ಮಾತಿಗೆ ಅಷ್ಟು ಸಂತೋಷ ಯಾಕೆಂದು ಗೊತ್ತಾಗಲಿಲ್ಲ.

ಟಾರಿಂಗ್ಟನ್‌ನ ನಿಲ್ದಾಣ ನಾವು ಹೋದಾಗ ಪಬ್ ಆಗಿತ್ತು. ದಾರಿ ಮೀತ್‌ವರೆಗೆ ಮುಂದುವರಿಯುತ್ತದೆ, ಆದರೆ ಟಾರಿಂಗ್ಟನ್‌ನಿಂದಾಚೆ ಅದಕ್ಕೂ ಸ್ವಲ್ಪ ಏರಿನ ಚಟ ಹತ್ತುತ್ತದೆಂದು ಕೇಳಿ, ಎಂಜಿನ್ನಿನ ಪರವಾಗಿ ನಾನೇ ಬೇಡವೆಂದೆ.

ವಾಪಸು ಬರುವಾಗ ಇನ್‌ಸ್ಟೋ ದಾಟಿದ್ದೇ ಸೈಕಲ್ ಹಾರತೊಡಗಿತು. ತುಳಿದರೂ ಓಟ, ತುಳಿಯದಿದ್ದರೂ ಓಟ. ಮಂಡಿ ಎಲ್ಲಿದೆ ಎಂಬುದೇ ಮರೆತುಹೋಯಿತು. "ನೋಡ್ದೇನೇ? ಹಳೇ ಕಾಲು ಬಿಸಿ ಆಗೋಕೆ ಸ್ವಲ್ಪ ಹೊತ್ತು ಬೇಕು ಅಷ್ಟೇ" ಎಂದು ಕೂಗಿದೆ. ಬೆಳಿಗ್ಗೆ ಎದುರಿಗಿದ್ದ ಪಡುವಣ ಕಡಲಗಾಳಿ ಈಗ ಬೆನ್ನಿಗೆ ಬಿದ್ದಿತ್ತು ಎಂಬುದನ್ನು ಹೇಳುವ ಅಗತ್ಯ ನನಗೆ ಕಾಣಲಿಲ್ಲ. ನನ್ನಾಕೆ ಹ್ಯಾಂಡಲ್ ಮೇಲೆ ಏನನ್ನೋ ಒತ್ತಿ ಮುಂದಿನ ಪುಟ್ಟ ಪರದೆಯನ್ನು ಆರಿಸಿದಳು, ಬ್ಯಾಟರಿ ಇಲ್ಲದೆಯೇ ತುಳಿದು ನನ್ನ ಪಕ್ಕಕ್ಕೆ ಬಂದಳು, ಒಂದೇ ಒಂದು ಸಲ "ಟ್ರಿಣ್" ಎಂದು ಬೆಲ್ ಹೊಡೆದಳು.

"ಸಾರಿ" ಎಂದು ಪಕ್ಕಕ್ಕೆ ಸರಿದೆ.