ಮರಳಿನ ಮೂಟೆಯ ಮಹಿಮೆ

ಅಮೆರಿಕದ ಮಿನ್ನೆಸೋಟ ಪ್ರಾಂತದಲ್ಲಿ, ಹೇಮಂತವು ತನ್ನ ಶ್ವೇತಾಡಂಬರವನ್ನು ಬೀದಿಬೀದಿಗೆ ಹಾಸಿದೊಡನೆ, ಬೇಸಗೆಯುದ್ದಕ್ಕೂ ಬಲಭೀಮನಂತೆ ಗರ್ಜಿಸಿದ ಪಿಕಪ್ ಟ್ರಕ್ಕು ಸ್ವಗೃಹದ ಅಂಗಳದ ಅಲ್ಪ ಏರನ್ನೂ ಹತ್ತಲಾರದೆ, ಹಿಂದಿನ ಚಕ್ರಗಳನ್ನು ವೃಥಾ ತಿರುಗಿಸುತ್ತ ನಿಂತುಬಿಡುವುದುಂಟು. ಎಂಜಿನ್ನಿನ ಭಾರವೆಲ್ಲ ಮುಂದೆ, ದೂಡುವ ಹೊಣೆಯೆಲ್ಲ ಹಿಂದೆ. ಹಿಂದಿರುವ ತೊಟ್ಟಿಯೋ ಬರಿದು! ಆದುದರಿಂದ ಅಲ್ಲಿಯ ಗೃಹಸ್ಥರು ಸುಮಾರು 27 ಕಿಲೋಗ್ರಾಂ ತೂಗುವ ಮರಳಿನ ಮೂಟೆಗಳನ್ನು ಕ್ರಯಕ್ಕೆ ತಂದು, ಹಿಂದಿನ ಅಚ್ಚಿನ ನೇರ ಮೇಲಕ್ಕೆ ಪ್ರತಿಷ್ಠಾಪಿಸಿ, ವಸಂತಾಗಮನದವರೆಗೂ ಬಾಡಿಗೆಯಿಲ್ಲದೆ ಊರೆಲ್ಲ ಮೆರವಣಿಗೆ ಮಾಡಿಸುತ್ತಾರೆ. ಅಚ್ಚಿಗಿಂತ ಬಹಳ ಹಿಂದಕ್ಕೆ ಇಟ್ಟರೆ ಮುಂದಿನ ಚಕ್ರಗಳು ಹಗುರಾಗಿ ಸ್ಟೀರಿಂಗಿನ ಮಾತನ್ನೇ ಕೇಳವು; ಬಿಗಿದು ಕಟ್ಟದೆ ಬಿಟ್ಟರಂತೂ, ಬ್ರೇಕು ಹಾಕಿದಾಗ ಮೂಟೆಯೇ ಚಾಲಕನ ದರ್ಶನಕ್ಕೆ ಧಾವಿಸೀತು! 7 ಡಿಗ್ರಿ ಸೆಲ್ಸಿಯಸ್ಸಿನ ಕೆಳಗೂ ಮೃದುತ್ವವನ್ನು ಬಿಡದ ಚಳಿಗಾಲದ ಟೈರು ಇದಕ್ಕಿಂತ ಶ್ರೇಷ್ಠವೆಂಬುದು ನಿಜವೇ. ಆದರೆ ಹಿಮದಲ್ಲಿ ಸಿಕ್ಕಿಬಿದ್ದಾಗ ಹರಿದು ಚಕ್ರದಡಿಗೆ ಚೆಲ್ಲಿಕೊಳ್ಳಲು ಟೈರು ಒದಗದಷ್ಟೆ. ನಾಲ್ಕೂ ಚಕ್ರಗಳಿಗೆ ಶಕ್ತಿಯೂಡುವ ಟ್ರಕ್ಕಿನ ಒಡೆಯರು ಮಾತ್ರ ಈ ಮೂಟೆಗಳನ್ನು ಕಂಡು ಮುಗುಳ್ನಗುವರು. ಹೊರಡುವುದರಲ್ಲಿ ಅವರೇ ಅಗ್ರಗಣ್ಯರು, ನಿಲ್ಲುವುದಕ್ಕಾದರೋ ಅವರಿಗೂ ಬ್ರೇಕೇ ಗತಿಯಾದ ಕಾರಣ, ರಸ್ತೆಬದಿಯ ಹಳ್ಳದಲ್ಲಿಯೂ ಒಮ್ಮೊಮ್ಮೆ ಅವರೇ ಅಗ್ರಗಣ್ಯರು.